ಮೊಬೈಲಿನ ಶನಿವಾರಸಂತೆ

ಕೊಡಗಿನ ನಮ್ಮ ಸೋಮವಾರಪೇಟೆಯಲ್ಲಿ ಸಂತೆ ಸೋಮವಾರ. ಡೇಟಿಂಗ್ ಆ್ಯಪಿನಲ್ಲಿ ಮಾತ್ರ ಶನಿವಾರ. ವಾರವೆಲ್ಲ ಅಲ್ಲಿ ನಾಲ್ಕೇ ಮುಖ. ಒಬ್ಬ ಸ್ಕೂಲಿನಲ್ಲಿ ನನಗಿಂತ ಎರಡು ಕ್ಲಾಸ್ ಹಿಂದಿದ್ದವನು. ಇನ್ನೊಬ್ಬ ದೂರದ ಸಂಬಂಧದಲ್ಲಿ ಅಣ್ಣ ಆಗಬೇಕು. (ಮದುವೆಮನೆಯಲ್ಲಿ ಎದುರಾದರೆ ನಾವಿಬ್ಬರೂ ಆ ವಿಷಯ ಎತ್ತುವುದಿಲ್ಲ.) ಶನಿವಾರ ಬೆಳಗಾಗುತ್ತಲೇ ಫೋನ್ ತುಂಬಿಹೋಗುತ್ತದೆ. ಎಲ್ಲರೂ ಮಾಂದಲಪಟ್ಟಿ ಬೆಟ್ಟದ ಜೀಪಿನ ಮೇಲೆ ಕೈ ಚಾಚಿ ನಿಂತವರೇ. ‘3 ಕಿ.ಮೀ. ದೂರ’ ಅಂತ ತೋರಿಸಿದರೆ ಪಕ್ಕದ ಹೋಂಸ್ಟೇ ಅಂತ ಅರ್ಥ. ಸೋಮವಾರ ನೋಡಿದರೆ ಅಷ್ಟೂ ಜನ ಬೆಂಗಳೂರು ಸೇರಿರುತ್ತಾರೆ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯ ನೀರಿನ ಟ್ಯಾಂಕಿನ ಹತ್ತಿರ. ಹಾಗಾಗಿ ನನ್ನ ಹುಡುಕಾಟವೆಲ್ಲ ಒಣಗುತ್ತಿರುವ ಕಾಫಿಯ ಎದುರಿಗೇ ನಡೆಯುತ್ತದೆ. ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡುತ್ತಾಳೆ. ಅಪ್ಪ ಅಮ್ಮನನ್ನು ಮೊದಲು ನೋಡಿದ್ದು ಯಾರದೋ ಮದುವೆಯಲ್ಲಿ, ಪಂಕ್ತಿಯಲ್ಲಿ ಪಾಯಸ ಬಡಿಸುವಾಗ. ‘ಆವಾಗ ಸಿಗ್ನಲ್ ಚೆನ್ನಾಗಿತ್ತು’ ಅಂತ ಅಪ್ಪ ನಗುತ್ತಾರೆ.

ನನಗೀಗ 33. ಬೆಂಗಳೂರಿನಲ್ಲಿ ಐದು ವರ್ಷ ಕೆಲಸ ಮಾಡಿದೆ. ಅಪ್ಪನ ಮಂಡಿ ಕೈಕೊಟ್ಟಿತು, ವಾಪಸು ಬಂದೆ. ಆರು ಎಕರೆ ತೋಟ ಈಗ ನಾನೇ ನೋಡಿಕೊಳ್ಳುವುದು. ತೋಟ ಇರುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹೆಣ್ಣುಮಕ್ಕಳಿಗೇನು ಬರವಿಲ್ಲ. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದರು. ಓದಿದವರಿಗೆ ಮೈಸೂರು, ಬೆಂಗಳೂರೇ ಬೇಕು, ಅಷ್ಟೇ. ನಾನೂ ಹೋಗಿದ್ದವಳೇ, ಅವರನ್ನು ಬೈಯುವುದು ಹೇಗೆ? 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಅಮ್ಮ ಟಿವಿ ಸೌಂಡ್ ಜಾಸ್ತಿ ಮಾಡಿದ್ದಳು. ‘ನೋಡು, ಎಷ್ಟು ಜನ ಇದ್ದಾರೆ.’

ಆದರೆ ತೋಟ ಇರುವ ಹುಡುಗಿಯ ಕತೆ ಯಾರೂ ಕೇಳುವುದಿಲ್ಲ. ಹುಡುಗ ನಮ್ಮೂರಿಗೆ ಬರಬೇಕು ಅಂದ ತಕ್ಷಣ ‘ಮನೆ ಅಳಿಯ’ ಅನ್ನುವ ಮಾತು ಬಂದುಬಿಡುತ್ತದೆ. ಅಲ್ಲಿಗೆ ಫೋನ್ ಕಟ್. ಕಾಫಿಗೆ ರೇಟು ಏರಿದ ಮೇಲೆ ಮದುವೆ ಬ್ರೋಕರ್‌ಗಳು ಮತ್ತೆ ಫೋನ್ ಮಾಡುತ್ತಿದ್ದಾರೆ ಅನ್ನುವುದು ಬೇರೆ ಮಾತು. ಅವರು ಮೊದಲು ಕೇಳುವುದು ಎಕರೆ ಎಷ್ಟು ಅಂತ.

ಕಳೆದ ಜನವರಿಯ ಒಂದು ಭಾನುವಾರ ಕುಶಾಲನಗರಕ್ಕೆ ಹೋದೆ. ಹುಡುಗ ಮೈಸೂರಿನವನು. ಮೂರು ವಾರ ಚಾಟ್ ಮಾಡಿದ್ದೆವು. ಇಬ್ಬರಿಗೂ ನಡುದಾರಿ ಅಂತ ಅವನೇ ಕುಶಾಲನಗರ ಅಂದ. ಅರೇಬಿಕಾ ಮುಗಿದು ರೊಬಸ್ಟಾ ಕುಯ್ಲು ಶುರುವಾಗಿತ್ತು. ಆಳುಗಳಿಗೆ ಸಾಲು ತೋರಿಸಿ, ಕಣದಲ್ಲಿ ಕಾಫಿ ಹರವಿಸಿ, ಸ್ನಾನ ಮಾಡಿ ಹೊರಡುವಾಗ ಹನ್ನೊಂದಾಯಿತು. ಹುಣಸೂರು ಕಡೆಯಿಂದ ಕುಯ್ಯೋಕೆ ಬರುವ ಅಕ್ಕ ಒಬ್ಬರು ನನ್ನ ಚೂಡಿದಾರ್ ನೋಡಿ, ‘ಬ್ಯಾಂಕಿಗಾ?’ ಅಂದರು. ಹೂಂ ಅಂದೆ. ಭಾನುವಾರ ಅಂತ ಆಮೇಲೆ ನೆನಪಾಯಿತು.

ಮೊಮೊ ತಿಂದೆವು. ಟಿಬೆಟನ್ನರ ಬೈಲುಕುಪ್ಪೆ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಮೊಮೊಗೆ ಕೊರತೆ ಇಲ್ಲ. ಹುಡುಗ ಒಳ್ಳೆಯವನೇ. ನನ್ನ ಮಾತು ಮುಗಿಯುವವರೆಗೆ ಕಾಯುತ್ತಿದ್ದ, ಇದು ಸಣ್ಣ ವಿಷಯ ಅಲ್ಲ. ‘ನಿಮ್ಮನ್ನ ನೋಡಿದ್ರೆ ತೋಟದವರ ಥರ ಕಾಣಲ್ಲ’ ಅಂದ. ನಾನು ಕೈ ಮೇಜಿನ ಮೇಲಿಟ್ಟೆ. ಹಣ್ಣು ಕುಯ್ದರೆ ಅಂಟು ಉಗುರಿನ ಸಂದಿಗೆ ಸೇರಿ ಕಪ್ಪಾಗುತ್ತದೆ. ಎಷ್ಟು ಉಜ್ಜಿದರೂ ಸೀಸನ್ ಮುಗಿಯುವವರೆಗೆ ಹೋಗುವುದಿಲ್ಲ. ಅವನು ಬಗ್ಗಿ ನೋಡಿ, ‘ನೋಯುತ್ತಾ?’ ಅಂತ ಕೇಳಿದ. ಆ ಒಂದು ನಿಮಿಷ ನನಗೆ ಅವನು ತುಂಬಾ ಇಷ್ಟವಾದ.

ಆಮೇಲೆ ಕೇಳಿದ, ‘ತೋಟದ ಲೆಕ್ಕ, ಆಳು ನೋಡ್ಕೊಳ್ಳೋಕೆ ಒಬ್ಬ ರೈಟರ್‌ನ ಇಟ್ಟು ಮೈಸೂರಿಗೆ ಬರಬಹುದಲ್ವಾ?’

‘ನಿಮಗೆ ವಾರದಲ್ಲಿ ಮೂರು ದಿನ ವರ್ಕ್ ಫ್ರಂ ಹೋಂ ಅಂದ್ರಿ. ನೀವೇ ಈ ಕಡೆ ಬರಬಹುದಲ್ವಾ?’ ಅಂದೆ.

ನಕ್ಕ. ನಾನು ತಮಾಷೆಗೆ ಹೇಳಿದೆ ಅಂದುಕೊಂಡ. ಸ್ವಲ್ಪ ಹೊತ್ತಾದ ಮೇಲೆ, ಅದು ತಮಾಷೆ ಅಲ್ಲ ಅಂತ ಗೊತ್ತಾಗಿ, ‘ಅಲ್ಲಿ ನೆಟ್‌ವರ್ಕ್ ಹೇಗೆ?’ ಅಂದ. ಟ್ಯಾಂಕಿನ ಪಕ್ಕ ಚೆನ್ನಾಗಿದೆ ಅಂತ ಹೇಳಬೇಕಾಯಿತು.

ವಾಪಸು ಬರುವಾಗ ಮೋಡ ಕಟ್ಟಿತ್ತು. ಜನವರಿ ಮಳೆ ಅಂದರೆ ನಮಗೆ ಎದೆ ಧಸಕ್ ಅನ್ನುತ್ತದೆ, ಕಾಫಿ ಕಣದಲ್ಲೇ ಇರುತ್ತದೆ ನೋಡಿ. ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಹನಿ ಶುರು. ಅಮ್ಮ ಆಗಲೇ ಟಾರ್ಪಾಲಿನ ಒಂದು ತುದಿ ಹಿಡಿದು ನಿಂತಿದ್ದಳು. ನಾನು ಓಡಿ ಇನ್ನೊಂದು ತುದಿ ಹಿಡಿದೆ.

‘ಚಿಕ್ಕಮ್ಮ ಫೋನ್ ಮಾಡಿದ್ದಳು’ ಅಂದಳು ಎಳೆಯುತ್ತಲೇ. ‘ಕುಶಾಲನಗರದಲ್ಲಿ ನೋಡಿದಳಂತೆ. ಬೆಳ್ಳಗಿದ್ದಾನಂತೆ.’

ನಾನು ಮಾತಾಡಲಿಲ್ಲ.

‘ಅವನ ತಾಯಿ ಕಡೆ ಯಾವೂರಂತೆ?’

‘ಅಮ್ಮಾ, ಕಲ್ಲಿಡು ಮೊದಲು, ಗಾಳಿ ಬರ್ತಿದೆ.’

ಕಲ್ಲಿಟ್ಟಳು. ಮೂಲೆ ಸರಿಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡು, ಟ್ಯಾಂಕಿನ ಕಡೆ ಕೈ ತೋರಿಸಿದಳು. ‘ಮನೆ ಮುಟ್ಟಿದನೋ ಇಲ್ಲವೋ, ಅಲ್ಲಿ ಹೋಗಿ ಒಂದು ಮೆಸೇಜ್ ಹಾಕಿ ಕೇಳು. ಮಳೆ ಜೋರಾದರೆ ಸಿಗ್ನಲ್ ಇರಲ್ಲ.’