ಬೋವಿ ಕೇಳಲು ಎಲ್ಲಿಂದ ಶುರು ಮಾಡಬೇಕು?

ಜನವರಿ 8, 2025, ಬುಧವಾರ

ಇವತ್ತು ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿಯ ಹುಟ್ಟುಹಬ್ಬ. ಅವನ ಸ್ಟುಡಿಯೋ ಆಲ್ಬಮ್‌ಗಳು 25ಕ್ಕೂ ಹೆಚ್ಚು. ಹೊಸಬರು ಯಾವುದಾದರೊಂದು ‘ಅತ್ಯುತ್ತಮ’ ಪಟ್ಟಿ ತೆಗೆದು ಮೊದಲ ಸ್ಥಾನದ್ದನ್ನೇ ಹಾಕಿಕೊಳ್ಳುತ್ತಾರೆ. ಅದು ‘ಲೋ’ ಆಗಿದ್ದರೆ, ಅರ್ಧ ದಾಟುತ್ತಿದ್ದಂತೆ ‘ಹಾಡೇ ಇಲ್ಲವಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ. ಪಟ್ಟಿಯಲ್ಲಿ ದೋಷವಿಲ್ಲ. ಆದರೆ ವಿಮರ್ಶಕರ ಕ್ರಮದಲ್ಲೇ ಕೇಳಲು ಹೊರಟರೆ ಬೋವಿ ಕೈಗೆ ಸಿಗುವುದಿಲ್ಲ.

ಬೇರೆ ಬೇರೆ ವಿಮರ್ಶಕರ ಮಾತು ತೂಗಿ ನೋಡಿದರೆ ನನ್ನ ಲೆಕ್ಕದಲ್ಲಿ ಕ್ರಮ ಹೀಗೆ: ಲೋ (1977), ಜಿಗ್ಗಿ ಸ್ಟಾರ್‌ಡಸ್ಟ್ (1972), ಹಂಕಿ ಡೋರಿ (1971), ಸ್ಟೇಷನ್ ಟು ಸ್ಟೇಷನ್ (1976), ಬ್ಲ್ಯಾಕ್‌ಸ್ಟಾರ್ (2016), ಹೀರೋಸ್ (1977), ಸ್ಕೇರಿ ಮಾನ್‌ಸ್ಟರ್ಸ್ (1980). ಈ ಏಳರ ಬಗ್ಗೆ ಹೆಚ್ಚು ತಕರಾರಿಲ್ಲ, ಒಳಗೊಳಗೆ ಜಾಗ ಬದಲಾಗುತ್ತಿರುತ್ತದೆ ಅಷ್ಟೆ. ಪಿಚ್‌ಫೋರ್ಕ್ ಎಂಬ ಸಂಗೀತ ಜಾಲತಾಣ 2004ರಲ್ಲಿ 70ರ ದಶಕದ ಎಲ್ಲ ಆಲ್ಬಮ್‌ಗಳಿಗಿಂತ ಮೇಲೆ ಲೋ ಇಟ್ಟಿತು. ರೋಲಿಂಗ್ ಸ್ಟೋನ್‌ನ 2020ರ 500 ಅತ್ಯುತ್ತಮ ಆಲ್ಬಮ್‌ಗಳ ಪಟ್ಟಿಯಲ್ಲಿ ಅದು 206ನೆಯದು, ಜಿಗ್ಗಿ 40ನೆಯದು. ಅದೇ ಪತ್ರಿಕೆ 2003ರಲ್ಲಿ 323ರಲ್ಲಿ ಕೂರಿಸಿದ್ದ ಸ್ಟೇಷನ್ ಟು ಸ್ಟೇಷನ್ 2020ಕ್ಕೆ 52ಕ್ಕೇರಿತು. ಆದ್ದರಿಂದ ಎರಡು-ಮೂರು ಪಟ್ಟಿ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಕೇಳುವುದಕ್ಕೆ ಮೊದಲು ಹಂಕಿ ಡೋರಿ. ರಾಗ ತಕ್ಷಣ ಹಿಡಿಯುತ್ತದೆ, ರಿಕ್ ವೇಕ್‌ಮನ್ ಪಿಯಾನೋ ಉದ್ದಕ್ಕೂ ದಾರಿ ತೋರಿಸುತ್ತದೆ. ಆಮೇಲೆ ಜಿಗ್ಗಿ, ಮಿಕ್ ರಾನ್ಸನ್‌ನ ಗಿಟಾರ್ ಇಲ್ಲಿ ಮುಂದೆ ಬರುತ್ತದೆ. ಮೂರನೆಯದು ಸ್ಟೇಷನ್ ಟು ಸ್ಟೇಷನ್. ಆರೇ ಹಾಡು, ಮೊದಲನೆಯದೇ ಹತ್ತು ನಿಮಿಷಕ್ಕೂ ಉದ್ದ, ಬೋವಿಯ ದನಿ ಕೇಳಿಸಲು ಮೂರು ನಿಮಿಷಕ್ಕೂ ಹೆಚ್ಚು ಕಾಯಬೇಕು. ಆ ಕಾಯುವಿಕೆ ರೂಢಿಯಾದವರಿಗೆ ಲೋ ಕಷ್ಟವಾಗುವುದಿಲ್ಲ.

ಲೋದ ಮೂಲ ಎಲ್‌ಪಿ ತಟ್ಟೆಯ ಮೊದಲ ಬದಿಯಲ್ಲಿ ಏಳು ಚಿಕ್ಕ ತುಣುಕುಗಳು, ಎರಡನೆಯದರಲ್ಲಿ ನಾಲ್ಕು ನಿಧಾನದ, ಬಹುಪಾಲು ವಾದ್ಯಸಂಗೀತ. ಮೊದಲ ಸಲ ಎರಡು ಬದಿಯನ್ನೂ ಬೇರೆ ಬೇರೆ ಹೊತ್ತಿನಲ್ಲಿ ಕೇಳಿ. ಷಫಲ್ ಬೇಡವೇ ಬೇಡ. ಫೋನಿನ ಸ್ಪೀಕರೂ ಬೇಡ: ನಿರ್ಮಾಪಕ ಟೋನಿ ವಿಸ್ಕಾಂಟಿ ಡೆನಿಸ್ ಡೇವಿಸ್‌ನ ಸ್ನೇರ್ ಡ್ರಮ್ಮನ್ನು ಈವೆಂಟೈಡ್ ಹಾರ್ಮನೈಜರ್ ಎಂಬ ಯಂತ್ರದ ಮೂಲಕ ಹಾಯಿಸಿದ್ದರಿಂದ ಪ್ರತಿ ಪೆಟ್ಟಿನ ಶ್ರುತಿ ಕೆಳಕ್ಕೆ ಜಾರುತ್ತದೆ. ಆ ಜಾರಿಕೆಯೇ ಈ ಆಲ್ಬಮ್ಮಿನ ಗುರುತು, ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು, ಸ್ಪಷ್ಟವಾಗಿ ಕೇಳುತ್ತದೆ. ಸಂಗೀತಗಾರ ಬ್ರಯಾನ್ ಈನೋ ಇದನ್ನು ನಿರ್ಮಿಸಿದ ಎಂದು ಎಲ್ಲೆಲ್ಲೂ ಬರೆಯುತ್ತಾರೆ. ಈನೋ ಜೊತೆಗಾರ, ನಿರ್ಮಾಪಕರು ಬೋವಿ ಮತ್ತು ವಿಸ್ಕಾಂಟಿ. ‘ಬರ್ಲಿನ್ ಆಲ್ಬಮ್’ ಎಂದರೂ ಹೆಚ್ಚಿನ ಕೆಲಸ ನಡೆದದ್ದು ಫ್ರಾನ್ಸಿನ ಎರೂವಿಲ್‌ನಲ್ಲಿ.

ಪೂರ್ತಿ ಬರ್ಲಿನ್ನಿನಲ್ಲೇ ಧ್ವನಿಮುದ್ರಣವಾದದ್ದು ಹೀರೋಸ್. ಶೀರ್ಷಿಕೆ ಹಾಡಿಗೆ ಹಾನ್ಸಾ ಸ್ಟುಡಿಯೋದ ದೊಡ್ಡ ಹಾಲಿನಲ್ಲಿ ವಿಸ್ಕಾಂಟಿ ಮೂರು ಮೈಕ್ ಇಟ್ಟ: ಒಂದು ಸುಮಾರು 9 ಇಂಚು ದೂರ, ಇನ್ನೊಂದು 20 ಅಡಿ, ಮತ್ತೊಂದು 50 ಅಡಿ. ದೂರದ ಎರಡೂ ಬೋವಿ ದನಿ ಏರಿಸಿದಾಗ ಮಾತ್ರ ತೆರೆದುಕೊಳ್ಳುತ್ತಿದ್ದವು. ಕೊನೆಯ ಚರಣಗಳಲ್ಲಿ ದನಿಯ ಸುತ್ತ ಹಾಲೇ ಮೊಳಗುವುದು ಅದಕ್ಕೆ.

ಬ್ಲ್ಯಾಕ್‌ಸ್ಟಾರ್ ಕೊನೆಗಿರಲಿ. ಏಳು ಹಾಡು, ಡಾನಿ ಮೆಕ್‌ಕ್ಯಾಸ್ಲಿನ್‌ನ ಜಾಜ್ ತಂಡ. 2016ರ ಇದೇ ದಿನ ಬಿಡುಗಡೆ, ಎರಡು ದಿನಕ್ಕೆ ಬೋವಿ ತೀರಿಕೊಂಡ. ಹಳೆಯ ದನಿಗಳ ಪರಿಚಯವಿದ್ದವರಿಗೆ ಇದು ಎಷ್ಟೋ ಆಳಕ್ಕಿಳಿಯುತ್ತದೆ.

ಆ್ಯಪಿನಲ್ಲಿ ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭದೊಂದಿಗೆ ಬೆರೆಸುವ ಕ್ರಾಸ್‌ಫೇಡ್ ಆಫ್ ಮಾಡಿ. ಡೈಮಂಡ್ ಡಾಗ್ಸ್‌ನಂಥ (1974) ಆಲ್ಬಮ್ಮಿನಲ್ಲಿ ಹಾಡಿಗೆ ಹಾಡು ಬೆಸೆದಿದೆ, ಕ್ರಾಸ್‌ಫೇಡ್ ಆ ಬೆಸುಗೆಯನ್ನೇ ಕೆಡಿಸುತ್ತದೆ. ಹೆಚ್ಚುವರಿ ಹಾಡುಗಳ ಡೀಲಕ್ಸ್ ಆವೃತ್ತಿ ಬಂದರೆ ಮೂಲ ಕೊನೆಯ ಹಾಡಿಗೆ ನಿಲ್ಲಿಸಿ; ಜಿಗ್ಗಿ ಮುಗಿಯುವುದು ಹನ್ನೊಂದನೆಯದಕ್ಕೆ. 1979ರ ಲಾಡ್ಜರ್‌ಗೆ 2017ರಲ್ಲಿ ವಿಸ್ಕಾಂಟಿ ಹೊಸ ಮಿಕ್ಸ್ ಮಾಡಿದ. ಹಳೆಯದನ್ನು ಕೇಳಿದ ಮೇಲೆ ಅದು.

ಟುನೈಟ್ (1984), ನೆವರ್ ಲೆಟ್ ಮಿ ಡೌನ್ (1987) ಎರಡನ್ನೂ ಎಲ್ಲರೂ ತಳದಲ್ಲೇ ಇಡುತ್ತಾರೆ. ಎರಡನೆಯದನ್ನು ಬೋವಿಯೇ ಮೆಚ್ಚಲಿಲ್ಲ. 2018ರಲ್ಲಿ ಹೊಸ ವಾದ್ಯಗಳೊಂದಿಗೆ ಮತ್ತೆ ಬಂತು, ನನಗೆ ಅದೇ ವಾಸಿ. ಎರಡಕ್ಕೂ ಅವಸರವಿಲ್ಲ.