ಬ್ರೂಜ್‌ಗೆಂದು ಹೊರಟವರು ಗೆಂಟ್‌ನಲ್ಲಿ ಇಳಿದದ್ದು

ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್ ಎಂದೊಡನೆ ಎಲ್ಲರಿಗೂ ನೆನಪಾಗುವ, ಮೂತ್ರ ಹೊಯ್ಯುತ್ತಿರುವ ಹುಡುಗನ ಕಂಚಿನ ಪ್ರತಿಮೆ ಅರವತ್ತು ಸೆಂಟಿಮೀಟರ್ ಎತ್ತರವೂ ಇಲ್ಲ ಎಂಬುದು ನನಗೆ ಓದಿ ಗೊತ್ತಿತ್ತು. ಆದರೆ ಓದಿ ತಿಳಿಯುವುದು ಬೇರೆ, ಏಳು ಸಾವಿರ ಕಿಲೋಮೀಟರ್ ದೂರದ ಬೆಳಗಾವಿಯಿಂದ ಬಂದು ಜನರ ಹೆಗಲುಗಳ ಸಂದಿಯಿಂದ ಇಣುಕಿ ನೋಡುವುದು ಬೇರೆ. ಇಕ್ಕಟ್ಟಾದ ಬೀದಿಗಳು ಕೂಡುವ ಮೂಲೆಯಲ್ಲಿ, ಕಬ್ಬಿಣದ ಕಟಾಂಜನದ ಆಚೆ ಅವನು ನಿಂತಿದ್ದ. ಆ ದಿನ ಯಾವುದೋ ಸಂಘದ ಸಮವಸ್ತ್ರ ತೊಡಿಸಿದ್ದರು. ಅವನಿಗೆ ಇಂಥ ಸಾವಿರಕ್ಕೂ ಹೆಚ್ಚು ಉಡುಪುಗಳಿವೆ. ಅವುಗಳನ್ನು ಇಡುವುದಕ್ಕೆಂದೇ 2017ರಲ್ಲಿ ಪ್ರತ್ಯೇಕ ಸಂಗ್ರಹಾಲಯವನ್ನು ತೆರೆದಿದ್ದಾರೆ. ಶಿಲ್ಪಿ ಜೆರೋಮ್ ಡುಕೆನ್ವಾ 1619ರಲ್ಲಿ ರೂಪಿಸಿದ ಮೂಲ ಪ್ರತಿಮೆ ಈಗ ನಗರದ ವಸ್ತುಸಂಗ್ರಹಾಲಯದಲ್ಲಿದ್ದು, ಬೀದಿಯಲ್ಲಿರುವುದು ನಕಲು. ನಮ್ಮ ದೇವಸ್ಥಾನಗಳ ಲೆಕ್ಕದಲ್ಲಿ ಹೇಳುವುದಾದರೆ ಮೂಲವಿಗ್ರಹ ಒಳಗಿದೆ, ಹೊರಗೆ ಬಂದಿರುವುದು ಉತ್ಸವಮೂರ್ತಿ, ಅಲಂಕಾರವೆಲ್ಲ ಅದಕ್ಕೇ. ನನ್ನ ಹೆಂಡತಿ ಒಂದು ಕ್ಷಣ ನೋಡಿ, "ಇಷ್ಟೇ ಏನು?" ಎಂದಳು. ಆ ಮಾತು ಮುಂದಿನ ಎರಡು ದಿನ ನಮ್ಮ ಜೊತೆಗೇ ಓಡಾಡಿತು.

ಅಲ್ಲಿಂದ ಐದು ನಿಮಿಷ ನಡೆದರೆ ಗ್ರಾನ್ ಪ್ಲಾಸ್ ಎಂಬ ದೊಡ್ಡ ಚೌಕ. 1695ರ ಆಗಸ್ಟ್‌ನಲ್ಲಿ ಹದಿನಾಲ್ಕನೆಯ ಲೂಯಿಯ ಫ್ರೆಂಚ್ ಸೇನೆ ಈ ಊರಿನ ಮೇಲೆ ಫಿರಂಗಿ ಹಾರಿಸಿದಾಗ ಚೌಕದ ಸುತ್ತಲಿನ ಮನೆಗಳೆಲ್ಲ ಸುಟ್ಟು, ಪುರಭವನದ 96 ಮೀಟರ್ ಎತ್ತರದ ಗೋಪುರ ಮಾತ್ರ ಹೇಗೋ ನಿಂತಿತು. ಬಡಗಿ, ಬೇಕರಿಯವರು, ದೋಣಿಯವರು, ಬಿಯರ್ ತಯಾರಕರು ಹೀಗೆ ಒಂದೊಂದು ಕಸುಬಿನ ಸಂಘವೂ ಪಕ್ಕದವರಿಗಿಂತ ಮಿಗಿಲಾಗಿ ಕಟ್ಟಬೇಕೆಂಬ ಹಟದಿಂದ ಐದಾರು ವರ್ಷಗಳಲ್ಲಿ ಮತ್ತೆ ಕಟ್ಟಿದ ಮನೆಗಳೇ ಇಂದು ಅಲ್ಲಿ ಕಾಣುವಂಥವು. ಇಷ್ಟೊಂದು ಭವ್ಯವಾದದ್ದನ್ನು ಇಟ್ಟುಕೊಂಡೂ ತನ್ನ ಗುರುತಾಗಿ ಆ ಪೋರನನ್ನು ಮುಂದೆ ಮಾಡುವ ಊರಿಗೆ ತನ್ನನ್ನೇ ಗೇಲಿ ಮಾಡಿಕೊಳ್ಳುವ ಸ್ವಭಾವವಿರಬೇಕು ಎಂದು ನನಗನ್ನಿಸಿತು. ಅದೇ ಸಂಜೆ ಬೀದಿಬದಿಯ ಅಂಗಡಿಯೊಂದರಲ್ಲಿ ಕಾಗದದ ಪೊಟ್ಟಣದ ತುಂಬ ಆಲೂಗಡ್ಡೆಯ ಫ್ರೈಸ್ ಕೊಂಡೆವು. ಹೆಂಡತಿಗೆ ವಾಸನೆ ಯಾಕೋ ಹಿಡಿಸದೆ ವಿಚಾರಿಸಿದಾಗ, ಕರಿಯುವುದು ದನದ ಕೊಬ್ಬಿನಲ್ಲಿ, ಇಲ್ಲಿಯ ಹಳೆಯ ಪದ್ಧತಿಯೇ ಅದು, ಎಂದು ಅಂಗಡಿಯವನು ನಿರ್ವಿಕಾರವಾಗಿ ಹೇಳಿದ. ಪೊಟ್ಟಣವನ್ನು ಮಗಳ ಕೈಗೆ ದಾಟಿಸಿ ಅವಳು ಒಂದು ಸೇಬು ತಿಂದು ರಾತ್ರಿ ಕಳೆದಳು.

ಮಗಳು ಬ್ರಸೆಲ್ಸ್ ಹತ್ತಿರದ ಲೂವೆನ್‌ನಲ್ಲಿ ಕೆಲಸ ಮಾಡುತ್ತಾಳೆ. 1425ರಷ್ಟು ಹಳೆಯದಾದ ಅಲ್ಲಿಯ ವಿಶ್ವವಿದ್ಯಾಲಯವನ್ನು 1968ರಲ್ಲಿ ಡಚ್ ಮತ್ತು ಫ್ರೆಂಚ್ ಭಾಷೆಗಳ ಜಗಳದಿಂದಾಗಿ ಎರಡಾಗಿ ಒಡೆಯಬೇಕಾಯಿತು. ಗ್ರಂಥಾಲಯವನ್ನು ಹಂಚಿಕೊಳ್ಳುವಾಗ ಬೆಸಸಂಖ್ಯೆಯ ಪುಸ್ತಕಗಳು ಇಲ್ಲೇ ಉಳಿದು, ಸಮಸಂಖ್ಯೆಯವು ಫ್ರೆಂಚ್ ಭಾಗಕ್ಕೆಂದು ಕಟ್ಟಿದ ಹೊಸ ಊರಿಗೆ ಹೋದವಂತೆ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದು, ಅಂಗಡಿಯ ಬೋರ್ಡಿನಲ್ಲಿ ಯಾವ ಅಕ್ಷರ ಮೇಲಿರಬೇಕು ಎಂಬ ವಾದಗಳನ್ನು ಚಿಕ್ಕಂದಿನಿಂದ ಕೇಳಿದ ನನಗೆ ಈ ದೇಶ ಅಷ್ಟೇನೂ ಪರದೇಶವೆನಿಸಲಿಲ್ಲ. ಗುರುವಾರ ಬೆಳಗ್ಗೆ ನಾವು ಬ್ರೂಜ್‌ಗೆ ಹೊರಟಾಗ, ಬ್ರಸೆಲ್ಸ್‌ನೊಳಗೆ ರೈಲಿನಲ್ಲಿ ಎರಡು ಭಾಷೆಗಳಲ್ಲೂ ಆಗುತ್ತಿದ್ದ ಘೋಷಣೆ ಊರು ಮುಗಿದು ಹೊಲಗಳು ಶುರುವಾದೊಡನೆ ಡಚ್ ಒಂದೇ ಆಯಿತು, ಬ್ರೂಜ್ ಎಂಬ ಫ್ರೆಂಚ್ ಹೆಸರು ಹೋಗಿ ಬ್ರುಗ್ಗೆ ಉಳಿಯಿತು. ಎದುರು ಕುಳಿತ ಅಜ್ಜಿ ತನ್ನ ಹೆಣಿಗೆಯಿಂದ ತಲೆ ಎತ್ತಲೂ ಇಲ್ಲ.

ಈ ಪ್ರವಾಸದ ಉದ್ದೇಶವೇ ಬ್ರೂಜ್ ಆಗಿತ್ತು. ಕಾಲುವೆ, ಇಟ್ಟಿಗೆಯ ಮನೆ, ಮೆಟ್ಟಿಲು ಮೆಟ್ಟಿಲಾದ ಚಾವಣಿ, ನೀರಿನಲ್ಲಿ ಹಂಸ: ಚಿತ್ರಗಳಲ್ಲಿ ನೋಡಿದ್ದೆಲ್ಲ ಅಲ್ಲಿ ಇತ್ತು, ಒಂದೂ ಸುಳ್ಳಾಗಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇಲ್ಲಿ ಹತ್ತಿರ ಹೋದಷ್ಟೂ ಬೆಟ್ಟ ಇನ್ನಷ್ಟು ನುಣ್ಣಗಾಗುತ್ತಿತ್ತು, ತೊಂದರೆ ಅದೇ. ಚಾಕೊಲೇಟ್ ಅಂಗಡಿಯ ಪಕ್ಕ ಲೇಸ್ ಅಂಗಡಿ, ಅದರ ಪಕ್ಕ ಮತ್ತೆ ಚಾಕೊಲೇಟ್. ಒಂದು ಗಂಟೆ ಸುತ್ತಿದರೂ ಚಪ್ಪಲಿ ಹೊಲಿಯುವವನಾಗಲಿ, ತರಕಾರಿ ಚೀಲ ಹಿಡಿದು ಮನೆಗೆ ಹೋಗುವವರಾಗಲಿ, ಶಾಲೆಗೆ ತಡವಾಗಿ ಓಡುವ ಹುಡುಗನಾಗಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಬೀದಿಯಲ್ಲಿ ಇದ್ದವರೆಲ್ಲ ನಮ್ಮಂಥವರೇ. ನಮ್ಮನ್ನು ನಾವೇ ನೋಡಿಕೊಂಡು ಬಂದಂತಾಯಿತು.

ಈ ಊರು ಹೀಗೆ ಉಳಿದದ್ದಕ್ಕೆ ಕಾರಣ ಬಡತನ. ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನ ಉಣ್ಣೆ, ಜಿನೋವಾ ಮತ್ತು ವೆನಿಸ್‌ಗಳ ವರ್ತಕರು, ಬಾಲ್ಟಿಕ್ ಕಡೆಯ ಹಡಗುಗಳು ಎಲ್ಲ ಇಲ್ಲಿ ಕೂಡುತ್ತಿದ್ದವು. ವ್ಯಾಪಾರಿಗಳು ಸೇರುತ್ತಿದ್ದ ಛತ್ರವನ್ನು ನಡೆಸುತ್ತಿದ್ದ ಫಾನ್ ಡೆರ್ ಬೂರ್ಸೆ ಎಂಬ ಮನೆತನದ ಹೆಸರೇ ಯುರೋಪಿನ ಹಲವು ಭಾಷೆಗಳಲ್ಲಿ ಷೇರುಪೇಟೆಗೆ ಹೆಸರಾಗಿದೆ. ಸಮುದ್ರಕ್ಕೆ ದಾರಿಯಾಗಿದ್ದ ಜ್ವಿನ್ ಎಂಬ ಹಿನ್ನೀರು ಹೂಳು ತುಂಬಿಕೊಂಡಾಗ ಹಡಗುಗಳು ಬರದಾದವು, ವರ್ತಕರು ಆಂಟ್‌ವರ್ಪ್‌ಗೆ ಎದ್ದು ಹೋದರು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಕೈಯಲ್ಲಿ ಕಾಸಿಲ್ಲದ್ದರಿಂದ ಹಳೆಯದು ಉಳಿಯಿತು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹಳತನವೇ ಬಂಡವಾಳವಾಗಿ, ಇದ್ದದ್ದನ್ನು ಇನ್ನಷ್ಟು ಹಳತಾಗಿ ಕಾಣುವಂತೆ ತಿದ್ದಿ ತೀಡುವ ಕೆಲಸವೂ ನಡೆಯಿತು. ಚರ್ಚಿನ ಹಿಂದಿನ ಪುಟ್ಟ ಕಲ್ಲಿನ ಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳಲು ಸಾಲಿನಲ್ಲಿ ಕಾದು, ನಮ್ಮ ಸರದಿ ಮುಗಿದ ಮೇಲೆ ಮಗಳು ಮೊಬೈಲ್‌ನಲ್ಲಿ ಓದಿ ಹೇಳಿದಳು: ಈ ಬೊನಿಫಾಸಿಯುಸ್ ಸೇತುವೆಯನ್ನು ಕಟ್ಟಿದ್ದು 1910ರಲ್ಲಿ. ಎಂದರೆ ನಮ್ಮ ಮೈಸೂರು ಅರಮನೆಯ ವಾರಿಗೆಯದು. ಹೆಂಡತಿ ನನ್ನ ಮುಖ ನೋಡಿದಳು. ಈ ಸಲ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ಬ್ರೂಜ್‌ಗೆ ಅನ್ಯಾಯ ಮಾಡಬಾರದು. ಊರಂಚಿನ ಬೆಗೈನ್‌ಹೋಫ್, ಎಂದರೆ ಸನ್ಯಾಸ ದೀಕ್ಷೆ ತೆಗೆದುಕೊಳ್ಳದೆಯೇ ಭಕ್ತಿಯ ಬಾಳು ನಡೆಸಲು ಬಯಸಿದ ಹೆಂಗಸರಿಗಾಗಿ 1245ರಲ್ಲಿ ಸ್ಥಾಪಿಸಿದ ವಠಾರ, ನಿಜಕ್ಕೂ ಶಾಂತವಾಗಿತ್ತು. ಬಿಳಿಯ ಮನೆಗಳ ನಡುವಿನ ಹುಲ್ಲಿನಲ್ಲಿ ಎತ್ತರದ ಮರಗಳು ಗಾಳಿಗೆ ಬಾಗಿದ್ದವು, ಒಂದು ಕಿಟಕಿಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ಆ ಊರಿನಲ್ಲಿ ಬೆಳಗಿನಿಂದ ಕೇಳಿದ ಮನೆಬಳಕೆಯ ಮೊದಲ ಸದ್ದು ಅದು.

ಮೂರು ಗಂಟೆಗೇ ನಿಲ್ದಾಣಕ್ಕೆ ಮರಳಿದೆವು. "ಅಪ್ಪಾ, ದಾರ್ಯಾಗ ಗೆಂಟ್ ಬರತದ, ಇಳಿಯೂಣೇನು?" ಎಂದು ಮಗಳು ಕೇಳಿದಳು. ಇನ್ನೊಂದು ಕಾಲುವೆಯ ಊರು ಬೇಡವೆನಿಸಿದರೂ, ಮನೆಗೆ ಹೋಗಿ ಮಾಡುವುದೇನೂ ಇರಲಿಲ್ಲ. ಅರ್ಧ ಗಂಟೆಯೊಳಗೆ ಗೆಂಟ್. ಟ್ರಾಮ್‌ನಲ್ಲಿ ಕುಳಿತುಕೊಳ್ಳಲು ಜಾಗವಿಲ್ಲ. ಒಬ್ಬ ಹುಡುಗ ಸೈಕಲ್ಲಿನ ಚಕ್ರವೊಂದನ್ನು ಎದೆಗವಚಿಕೊಂಡು ನಿಂತಿದ್ದ, ಗ್ರೀಸು ನನ್ನ ಕೋಟಿಗೆ ತಾಗಿತು. ನೀರಿನ ದಂಡೆಯ ಖ್ರಾಸ್‌ಲೇ ಬೀದಿಯಲ್ಲಿ ಹತ್ತಾರು ವಿದ್ಯಾರ್ಥಿಗಳು ಕಾಲು ಇಳಿಬಿಟ್ಟು ಕುಳಿತು ಓದುತ್ತ, ತಿನ್ನುತ್ತ, ಜಗಳವಾಡುತ್ತಿದ್ದರು. ನಮ್ಮನ್ನು ಯಾರೂ ಕಾಯುತ್ತಿರಲಿಲ್ಲ, ಯಾರೂ ಏನನ್ನೂ ಮಾರಲು ಬರಲಿಲ್ಲ.

ಗೆಂಟ್‌ನ ಗತ್ತು ಬೇರೆ. ತೆರಿಗೆ ಕೊಡುವುದಿಲ್ಲವೆಂದು ಈ ಊರು ದಂಗೆಯೆದ್ದಾಗ, 1500ರಲ್ಲಿ ಇಲ್ಲೇ ಹುಟ್ಟಿದ ಚಕ್ರವರ್ತಿ ಐದನೆಯ ಚಾರ್ಲ್ಸ್ 1540ರಲ್ಲಿ ಸೈನ್ಯದೊಡನೆ ಬಂದು, ಊರ ಪ್ರಮುಖರನ್ನು ಬರಿಗಾಲಿನಲ್ಲಿ, ಕೊರಳಿಗೆ ನೇಣಿನ ಕುಣಿಕೆ ಹಾಕಿಸಿ ಬೀದಿಯಲ್ಲಿ ನಡೆಸಿ ಕ್ಷಮೆ ಕೇಳಿಸಿದ. ಊರಿನವರು ಅದನ್ನು ಮುಚ್ಚಿಡಲಿಲ್ಲ; ತಮ್ಮನ್ನು ಇಂದಿಗೂ "ಕುಣಿಕೆ ಹೊತ್ತವರು" ಎಂದೇ ಕರೆದುಕೊಳ್ಳುತ್ತಾರೆ, ಜುಲೈ ತಿಂಗಳ ಊರಹಬ್ಬದ ಮೆರವಣಿಗೆಯಲ್ಲಿ ಕೊರಳಿಗೆ ಹಗ್ಗ ತೊಟ್ಟು ನಡೆಯುತ್ತಾರೆ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಲೀವೆನ್ ಬೌವೆನ್ಸ್ ಎಂಬ ವ್ಯಾಪಾರಿ ಇಂಗ್ಲೆಂಡಿನ ನೂಲುವ ಯಂತ್ರವನ್ನು ಕಳಚಿ, ಬಿಡಿಭಾಗಗಳಾಗಿ ಕದ್ದು ತಂದ. ಅವನನ್ನು ಮೇಯರ್ ಮಾಡಿ, ಮುಂದೆ ಚೌಕವೊಂದರಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದರು. ಹನ್ನೆರಡನೆಯ ಶತಮಾನದ ಕಲ್ಲಿನ ಕೋಟೆಯೊಳಗೇ ಒಂದು ಕಾಲದಲ್ಲಿ ಹತ್ತಿ ಗಿರಣಿ ನಡೆಯುತ್ತಿತ್ತು. ಬ್ರೂಜ್‌ಗೆ ಹಳೆಯದನ್ನು ಹಾಗೆಯೇ ಇಟ್ಟುಕೊಳ್ಳುವ ಅನಿವಾರ್ಯತೆಯಿತ್ತು, ಇವರು ಸಿಕ್ಕಿದ್ದನ್ನೆಲ್ಲ ಕೆಲಸಕ್ಕೆ ಹಚ್ಚಿದರು.

ಹೀಗೆ ಬ್ರೂಜ್ ತೋರಿಕೆಯದು, ಗೆಂಟ್ ಅಸಲಿ ಎಂದು ನಾನು ತೀರ್ಮಾನಿಸಿಯೂ ಆಗಿತ್ತು. ಮಗಳು ಮತ್ತೆ ಮೊಬೈಲ್ ತೆಗೆದಳು. ಮೂರು ಗೋಪುರಗಳು ಒಂದೇ ಸಾಲಿನಲ್ಲಿ ಕಾಣುವ, ನಾವು ನಿಂತು ಮೈಮರೆತ ಸಿಂಟ್ ಮಿಖೀಲ್ಸ್ ಸೇತುವೆಯನ್ನು ಕಟ್ಟಿದ್ದೂ 1913ರ ವಿಶ್ವ ಪ್ರದರ್ಶನಕ್ಕೆ ಊರನ್ನು ಸಿಂಗರಿಸುವ ಭರಾಟೆಯಲ್ಲಿ. ವಿದ್ಯಾರ್ಥಿಗಳ ಬೆನ್ನ ಹಿಂದಿನ ಆ ಹಳೆಯ ಮನೆಗಳ ಮುಖಗಳನ್ನು ತಿದ್ದಿದ್ದೂ ಅದೇ ಸಂಭ್ರಮಕ್ಕೆ. ಬೊನಿಫಾಸಿಯುಸ್ ಸೇತುವೆಗೂ ಇದಕ್ಕೂ ಮೂರ್ನಾಲ್ಕು ವರ್ಷಗಳ ಅಂತರವೂ ಇಲ್ಲ. ಅಂದಮೇಲೆ ಬೆಳಗಿನ ಬೇಸರಕ್ಕೆ ಸೇತುವೆಯ ವಯಸ್ಸು ಕಾರಣವಲ್ಲ. ಬ್ರೂಜ್‌ನ ಸೇತುವೆಯ ಮೇಲೆ ಸಾಲು ನಿಂತವರು ದಾಟುವುದಕ್ಕಾಗಿ ನಿಂತವರಲ್ಲ. ಇಲ್ಲಿ ನನ್ನ ಫೋಟೋಕ್ಕೆ ಅಡ್ಡ ಬಂದವರೆಲ್ಲ ಸೇತುವೆ ದಾಟುತ್ತಿದ್ದರು. ಒಬ್ಬಾಕೆ ಸೈಕಲ್ ಗಂಟೆಯನ್ನು ಎರಡು ಸಲ ಬಾರಿಸಿ ನನ್ನನ್ನು ಸರಿಸಿದಳು.

ಊರಿನ ಮುಖ್ಯ ಆಕರ್ಷಣೆಯನ್ನೇ ನಾವು ನೋಡಲಿಲ್ಲ. ಫಾನ್ ಐಕ್ ಸಹೋದರರು 1432ರಲ್ಲಿ ಮುಗಿಸಿದ ಪೂಜಾಪೀಠದ ಚಿತ್ರವಿರುವ ಸಿಂಟ್ ಬಾಫ್ ಚರ್ಚಿನ ಬಾಗಿಲು ನಾವು ಹೋಗುವಷ್ಟರಲ್ಲಿ ಮುಚ್ಚಿತ್ತು. ಅದರ ಒಂದು ಫಲಕವನ್ನು 1934ರಲ್ಲಿ ಯಾರೋ ಕದ್ದರು, ಇನ್ನೂ ಸಿಕ್ಕಿಲ್ಲ. ಆ ಜಾಗದಲ್ಲಿ ನಕಲು ಇದೆ. ಊಟಕ್ಕೆ ಹೋದ ಚಿಕ್ಕ ಹೋಟೆಲಿನಲ್ಲಿ ಸಸ್ಯಾಹಾರವೆಂದು ಕೇಳಿದ್ದಕ್ಕೆ, ಬಡಿಸುವ ಹುಡುಗಿ ನಗುತ್ತ ಇವತ್ತು ಗುರುವಾರವೇ ತಾನೆ ಎಂದಳು. ಗುರುವಾರ ಮಾಂಸ ಬಿಡಿ ಎಂಬ ಅಭಿಯಾನವನ್ನು ಈ ನಗರ 2009ರಿಂದ ನಡೆಸುತ್ತಿದೆಯಂತೆ. ಮೂವತ್ತು ವರ್ಷಗಳಿಂದ ರಾಯರ ವಾರವೆಂದು ಗುರುವಾರ ಒಪ್ಪೊತ್ತು ಮಾಡುವ ನನ್ನ ಹೆಂಡತಿ ಇದನ್ನು ಕೇಳಿ, ಊರಿನ ಬಗ್ಗೆ ಅಲ್ಲಿಯವರೆಗೆ ಇದ್ದ ಎಲ್ಲ ಅನುಮಾನಗಳನ್ನೂ ಕೈಬಿಟ್ಟಳು. ಬೇಳೆಯ ಸಾರಿನಂಥದ್ದೊಂದು ಬಿಸಿಯಾಗಿ ಬಂತು. ಉಪ್ಪು ಕಡಿಮೆ, ಆದರೂ ತಟ್ಟೆ ಖಾಲಿಯಾಯಿತು.

ಹೊರಗೆ ಬಂದಾಗ ಅಕ್ಟೋಬರ್ ತಿಂಗಳ ಕತ್ತಲು ಇಳಿದಿತ್ತು. ಕೋಟೆಯ ಎದುರಿನ ಸಿಂಟ್ ವೇರ್ಲೆ ಚೌಕದಲ್ಲಿ ಮಗಳು ದೀಪದ ಕಂಬಗಳನ್ನು ತೋರಿಸಿದಳು. ಹಿಂದೆ ಅಪರಾಧಿಗಳ ತಲೆ ತೆಗೆಯುತ್ತಿದ್ದ ಜಾಗವದು. ಈಗ ಊರಿನ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ಹೆತ್ತವರು ಒಂದು ಗುಂಡಿ ಒತ್ತುತ್ತಾರೆ, ಇಲ್ಲಿಯ ದೀಪಗಳು ಮೆಲ್ಲಗೆ ಪ್ರಖರವಾಗಿ ಮತ್ತೆ ಮೊದಲಿನಂತಾಗುತ್ತವೆ. ಇಟಲಿಯ ಆಲ್ಬೆರ್ಟೊ ಗರುಟ್ಟಿ ಎಂಬ ಕಲಾವಿದನ ಕಲ್ಪನೆ. ಕಲ್ಲಿನ ಕಟ್ಟೆಯ ಮೇಲೆ ಕುಳಿತು ಕಾದೆವು. ಟ್ರಾಮ್‌ಗಳು ಹೋದವು, ಅಂಗಡಿಯವನೊಬ್ಬ ಕುರ್ಚಿಗಳನ್ನು ಒಳಗೆ ಎತ್ತಿಟ್ಟ, ದೀಪಗಳು ಇದ್ದಂತೆಯೇ ಇದ್ದವು. ಇಪ್ಪತ್ತು ನಿಮಿಷದ ಮೇಲೆ ಮಗಳು ರೈಲಿನ ಹೊತ್ತಾಯಿತೆಂದು ಎದ್ದು ನಿಂತಳು. ಹೆಂಡತಿ ಕಂಬದಿಂದ ಕಣ್ಣು ತೆಗೆಯದೆ, ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತ ಹೇಳಿದಳು: "ತಡಿಯವಾ, ಇನ್ನೊಂದು ಹತ್ತು ನಿಮಿಷ ನೋಡೂಣು. ಮುಂದಿನ ಗಾಡಿಗೆ ಹೋದ್ರಾತು."