ಬೀದರ್‌ನಿಂದ ದೇವದುರ್ಗಕ್ಕೆ: ಪಟ್ಟಿಯ ತಳದಲ್ಲಿದ್ದ ಊರುಗಳ ಕಡೆಗೆ

ಬೀದರ್‌ನಿಂದ ಕಲಬುರಗಿಗೆ ಈಗ ನೇರ ರೈಲಿದೆ. ಹಾದಿ ಬರೀ 110 ಕಿಲೋಮೀಟರ್. ಯೋಜನೆ ಮಂಜೂರಾದದ್ದು ತೊಂಬತ್ತರ ದಶಕದಲ್ಲಿ, ರೈಲು ಓಡಿದ್ದು 2017ರ ಅಕ್ಟೋಬರ್‌ನಲ್ಲಿ. ಯೋಜನೆ ಶುರುವಾದಾಗ ಹುಟ್ಟಿದ ಮಗು ರೈಲು ಬರುವಷ್ಟರಲ್ಲಿ ಕಾಲೇಜು ಸೇರಿತ್ತು. ಕಲ್ಯಾಣ ಕರ್ನಾಟಕ ಯಾಕೆ ಹಿಂದುಳಿಯಿತು ಅಂತ ಕೇಳುವವರಿಗೆ ಈ ಒಂದು ಹಳಿ ತೋರಿಸಿದರೂ ಸಾಕು.

ಎಳ್ಳಮವಾಸ್ಯೆ ಮುಗಿದ ವಾರ ಹೊರಟಿದ್ದೆ. ಬ್ಯಾಗಿನಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯ ಕೆಲವು ಪುಟಗಳ ಜೆರಾಕ್ಸ್ ಇತ್ತು. ಆಗಿನ 175 ತಾಲ್ಲೂಕುಗಳನ್ನು 35 ಅಳತೆಗೋಲಿನಿಂದ ಅಳೆದು, 114 ತಾಲ್ಲೂಕು ಹಿಂದುಳಿದಿವೆ ಎಂದು ಹೇಳಿದ ವರದಿ ಅದು. ಅತ್ಯಂತ ಹಿಂದುಳಿದವು 39. ಅದರಲ್ಲಿ 21 ಕಲಬುರಗಿ ವಿಭಾಗ ಒಂದರವೇ. ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿದರೆ ಅಂತರ ತುಂಬಬಹುದು ಎಂದು ಸಮಿತಿ ಲೆಕ್ಕ ಹಾಕಿತ್ತು. ಎರಡು ದಶಕ ಕಳೆದಿದೆ. ಆ ಊರುಗಳು ಈಗ ಹೇಗಿವೆ ಅಂತ ಕಣ್ಣಾರೆ ನೋಡಬೇಕಿತ್ತು.

ಬೀದರ್‌ನಲ್ಲಿ ಕೋಟೆ, ಮಹಮ್ಮದ್ ಗವಾನ್ ಮದರಸಾ ಎರಡನ್ನೂ ಬೇಗ ಬೇಗ ನೋಡಿದೆ. ಜಾಸ್ತಿ ಹೊತ್ತು ಕಳೆದದ್ದು ಚೌಬಾರಾ ಹತ್ತಿರದ ಒಂದು ಬಿದರಿ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ಹತ್ತಡಿ ಅಗಲದ ಕೋಣೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಒಂದು ಹೂಜಿಯನ್ನು ಕಾಲಲ್ಲಿ ಅದುಮಿ ಹಿಡಿದು, ವಯಸ್ಸಾದ ಕುಶಲಕರ್ಮಿ ಚಿಕ್ಕ ಉಳಿಯಿಂದ ಬಳ್ಳಿ ಕೆತ್ತುತ್ತಿದ್ದರು. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ, ಆ ನೀರಲ್ಲಿ ಪಾತ್ರೆ ಅದ್ದುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಮಳೆ, ಬಿಸಿಲು ತಾಗದ ಜಾಗದ ಮಣ್ಣೇ ಆಗಬೇಕು ಅಂದರು. ಅದನ್ನು ನಾಲಿಗೆಗೆ ಇಟ್ಟು ರುಚಿ ನೋಡಿಯೇ ಆರಿಸುತ್ತಾರಂತೆ.

"ಮಕ್ಕಳು ಕಲಿತಿದ್ದಾರಾ?" ಎಂದು ಕೇಳಿದೆ.

"ಕಲ್ತಾರ್ರಿ. ಆದ್ರ ಹೈದರಾಬಾದಿನಾಗ ಮೊಬೈಲ್ ಅಂಗಡ್ಯಾಗ ಅದಾರ. ಬೆಳ್ಳಿ ರೇಟ್ ಹಿಂಗ ಏರಿದ್ರ ಸಾಮಾನ್ ಎಲ್ಲಿಂದ ತರೋದು?"

ಇದು ಈ ಊರಿನದ್ದೇ ಎಂದು ಗುರುತಿಸುವ ಜಿಐ ಟ್ಯಾಗ್ ಇದೆ, ಪ್ರಶಸ್ತಿಗಳಿವೆ, ಗಣರಾಜ್ಯೋತ್ಸವದ ಸ್ತಬ್ಧಚಿತ್ರದಲ್ಲೂ ಬಿದರಿ ಬಂದಿದೆ. ಬೆಳ್ಳಿ ಕೊಳ್ಳಲು ಕಡಿಮೆ ಬಡ್ಡಿಯ ಸಾಲ ಸಿಕ್ಕಿದ್ದರೆ ಆ ಹುಡುಗರು ಮನೆಯಲ್ಲೇ ಇರುತ್ತಿದ್ದರು ಅನ್ನಿಸಿತು.

ರೈಲು ಹುಮನಾಬಾದ್ ದಾಟಿ, ಮರಗುತ್ತಿಯ ಉದ್ದದ ಸುರಂಗದಲ್ಲಿ ನುಗ್ಗಿ, ಕಮಲಾಪುರದ ಕಡೆ ಇಳಿಯುತ್ತದೆ. ಅಲ್ಲಿನ ಕೆಂಪು ಬಾಳೆಹಣ್ಣಿಗೂ ಜಿಐ ಟ್ಯಾಗ್ ಇದೆ. ನನ್ನ ಡಬ್ಬಿಯಲ್ಲಿ ಒಬ್ಬ ಅಜ್ಜಿ ಮಗನನ್ನು ಕರೆದುಕೊಂಡು ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೊರಟಿದ್ದರು. ಮೊದಲು ಎದೆನೋವು ಅಂದರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದ್. ಜಮೀನು ಒತ್ತೆ ಇಟ್ಟು ಹೋಗಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವದ ಹೊಸ ಕಟ್ಟಡ ಶುರುವಾಯಿತು. ಅದರಲ್ಲಿ ಎಷ್ಟು ಹಾಸಿಗೆ ಗೊತ್ತಾ? 371. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಅಂತ ಬೇಕೆಂದೇ ಇಟ್ಟ ಸಂಖ್ಯೆ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿ ಪಡೆದ ವಿಧಿ ಇದು. 98ನೇ ತಿದ್ದುಪಡಿಯಾಗಿ ಸಂವಿಧಾನ ಸೇರಿತು. ಈ ಭಾಗದ ಗ್ರೂಪ್ 'ಸಿ' ಹುದ್ದೆಗಳಲ್ಲಿ ನೂರಕ್ಕೆ 80, ಗ್ರೂಪ್ 'ಡಿ'ಯಲ್ಲಿ 85 ಇಲ್ಲಿಯವರಿಗೇ ಮೀಸಲು. ಕಾಲೇಜು ಸೀಟುಗಳಲ್ಲೂ ಪಾಲಿದೆ. ಆ ಅಜ್ಜಿಗೆ ವಿಧಿ ಗೊತ್ತಿಲ್ಲ. "ಈಗ ಸೊಲ್ಲಾಪುರಕ್ಕ ಹೋಗೋದು ತಪ್ತ್ರಿ" ಎಂದರು. ಅಷ್ಟು ಸಾಕಲ್ವಾ?

ಕಲಬುರಗಿ ಎಂದರೆ ತೊಗರಿ. ಊರ ಹೊರಗೆ ಎಲ್ಲಿ ನೋಡಿದರೂ ಕಟಾವು ನಡೆದಿತ್ತು. ಕಪ್ಪು ಮಣ್ಣು ಬಿರುಕು ಬಿಟ್ಟಿತ್ತು, ತೊಗರಿ ಕಟ್ಟಿಗೆ ಸೂಡುಗಳನ್ನು ಬದುವಿನ ಮೇಲೆ ಒಟ್ಟಿದ್ದರು. ಮಳೆ ನಂಬಿ ಜೂನ್-ಜುಲೈನಲ್ಲಿ ಬಿತ್ತಿ, ಆರು ತಿಂಗಳು ಕಾದು, ಡಿಸೆಂಬರ್-ಜನವರಿಯಲ್ಲಿ ರಾಶಿ ಮಾಡುವ ಬೆಳೆ. ಆಳಂದ ರಸ್ತೆಯ ಒಂದು ಹೊಲದಲ್ಲಿ ನಿಂತೆ. ರೈತರು ಒಣಗಿ ನಿಂತ ಒಂದು ಗಿಡ ಕಿತ್ತು ಕಾಂಡ ಸೀಳಿ ತೋರಿಸಿದರು. ಒಳಗೆ ಕಂದು ಬಣ್ಣದ ಗೆರೆ. "ನೆಟೆ ರೋಗ್ರಿ." ಬೇರಿನಿಂದ ಹತ್ತುವ ಶಿಲೀಂಧ್ರ ನೀರಿನ ದಾರಿ ಮುಚ್ಚಿ ನಿಂತ ಗಿಡವನ್ನೇ ಒಣಗಿಸುತ್ತದೆ. 2022ರಲ್ಲಿ ಇದು ಜಿಲ್ಲೆಗಟ್ಟಲೆ ಹಬ್ಬಿತ್ತು. ವರ್ಷಾವರ್ಷ ಅದೇ ಹೊಲದಲ್ಲಿ ತೊಗರಿಯನ್ನೇ ಹಾಕಿದರೆ ರೋಗ ಮಣ್ಣಲ್ಲೇ ಉಳಿಯುತ್ತದೆ. ಮೊದಲು ಜೋಳ, ಸಜ್ಜೆ, ಎಳ್ಳು ಸಾಲು ಹಾಕುತ್ತಿದ್ದರು. ಈಗ ಜೋಳಕ್ಕೆ ಕೂಲಿ ಆಳು ಸಿಗುವುದಿಲ್ಲ, ಹಾಗಾಗಿ ಎಲ್ಲರದ್ದೂ ತೊಗರಿ.

2025-26ರ ಸಾಲಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅಡತಿ ಅಂಗಡಿಯಲ್ಲಿ ಅದಕ್ಕಿಂತ ಕಡಿಮೆ ಕೂಗುತ್ತಿದ್ದರು. ಮ್ಯಾನ್ಮಾರ್, ಮೊಜಾಂಬಿಕ್ ಕಡೆಯಿಂದ ಸುಂಕವಿಲ್ಲದೆ ಬರುವ ತೊಗರಿಯ ಮಾತು ಇಲ್ಲಿ ಚಹಾದ ಅಂಗಡಿಯಲ್ಲೂ ಕೇಳುತ್ತದೆ. ಹಡಗು ಬಂದ ಸುದ್ದಿಗೆ ಇಲ್ಲಿ ದರ ಬೀಳುತ್ತದೆ.

ಒಂದು ದಾಲ್ ಮಿಲ್ ಒಳಗೆ ಹೋದೆ. ತೊಗರಿಯನ್ನು ಒರಟು ಕಲ್ಲಿನ ರೋಲರ್‌ಗೆ ಕೊಟ್ಟು ಸಿಪ್ಪೆಗೆ ಗೀರು ಹಾಕುತ್ತಾರೆ. ಎಣ್ಣೆ ಸವರಿ, ಅಂಗಳದಲ್ಲಿ ಒಣಗಿಸಿ, ಮತ್ತೆ ನೀರು ಚಿಮುಕಿಸಿ, ಆಮೇಲೆ ಒಡೆಯುತ್ತಾರೆ. ಹೊಟ್ಟು, ನುಚ್ಚು ದನದ ಮೇವಿಗೆ ಹೋಗುತ್ತದೆ. ಕ್ವಿಂಟಲ್ ಕಾಳಿಗೆ ಸುಮಾರು ಮುಕ್ಕಾಲು ಪಾಲು ಬೇಳೆ. ಬಿಸಿಲು, ಎಣ್ಣೆಯ ವಾಸನೆ, ಮೂಗಿನೊಳಗೆಲ್ಲ ಹಳದಿ ಪುಡಿ. ಪಕ್ಕದ ಎರಡು ಮಿಲ್ಲುಗಳಿಗೆ ಬೀಗ. ಹಳೇ ಯಂತ್ರ, ಕರೆಂಟ್ ಬಿಲ್ಲು, ಹೊರಗಿನ ದೊಡ್ಡ ಮಿಲ್ಲುಗಳ ಪೈಪೋಟಿ ಎಂದು ಮಾಲೀಕರು ಕಾರಣ ಹೇಳಿದರು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ. ಆದರೆ ಕಾಳು ಚೀಲದಲ್ಲಿ ಹೊರಗೆ ಹೋಗಿ, ಬೇರೆ ಊರಿನ ಹೆಸರು ಹೊತ್ತ ಪ್ಯಾಕೆಟ್ ಆಗಿ ತಿರುಗಿ ಬರುವುದು ನಿಂತಿಲ್ಲ. ಕಾಳಿಗೂ ಬೇಳೆಗೂ ನಡುವೆ ಇರುವ ದುಡ್ಡು ಈ ಜಿಲ್ಲೆಯಲ್ಲೇ ಉಳಿಯಬೇಕು. ಅದು ಉಳಿಯದೆ ಎಷ್ಟು ರಸ್ತೆ ಹಾಕಿದರೂ ಚೀಲ ಬೇಗ ಹೊರಗೆ ಹೋಗುವುದಕ್ಕೆ ಅನುಕೂಲ ಅಷ್ಟೇ. ತಲಾ ಆದಾಯದಲ್ಲಿ ಈ ಜಿಲ್ಲೆ ವರ್ಷಗಳಿಂದ ರಾಜ್ಯದ ತಳದಲ್ಲಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಖಾತ್ರಿಯಿದೆ.

ಹಾಗಾಗಿಯೇ ರೊಟ್ಟಿ ನೋಡಿ ಅಷ್ಟು ಖುಷಿಯಾಯಿತು. ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಸಂಘಗಳನ್ನು ಸೇರಿಸಿ 'ಕಲಬುರಗಿ ರೊಟ್ಟಿ' ಎಂಬ ಬ್ರ್ಯಾಂಡ್ ಮಾಡಿದೆ. ಆನ್‌ಲೈನ್‌ನಲ್ಲೂ ಸಿಗುತ್ತದೆ. ನಾನು ಹೋದ ಮನೆಯಲ್ಲಿ ಆರು ಹೆಂಗಸರು. ಕುದಿಯುವ ನೀರಿಗೆ ಜೋಳದ ಹಿಟ್ಟು ಹಾಕಿ ನಾದಿ, ಉಂಡೆ ಮಾಡಿ, ಅಂಗೈಯಲ್ಲಿ ತಿರುಗಿಸುತ್ತಾ ಬಡಿಯುತ್ತಾರೆ. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ಬಿಸಿ ರೊಟ್ಟಿ ಬೇರೆ, ಖಡಕ್ ರೊಟ್ಟಿ ಬೇರೆ. ಖಡಕ್ ರೊಟ್ಟಿ ಕಾಗದದಷ್ಟು ತೆಳು ಇರಬೇಕು, ಒಣಗಿದ ಮೇಲೆ ವಾರಗಟ್ಟಲೆ ಕೆಡುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬೆಂಗಳೂರಿಂದ ಆರ್ಡರ್ ಜಾಸ್ತಿಯಂತೆ.

ಅಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗಿ ಬಿಎ ಮುಗಿಸಿದ್ದಳು. ಜೋಳ ಎಲ್ಲಿಂದ ತರುತ್ತೀರಿ ಎಂದೆ. "ನಮ್ಮೂರಿಂದೇ ರೀ. ಈ ಸಲ ನಮ್ಮಪ್ಪ ಎರಡೆಕ್ರೆ ತೊಗರಿ ಬಿಟ್ಟು ಜೋಳ ಹಾಕ್ಯಾರ." ರೊಟ್ಟಿ ಮಾರಾಟವಾದರೆ ಹೊಲಕ್ಕೆ ಜೋಳ ವಾಪಸ್ ಬರುತ್ತದೆ, ಜೋಳ ಬಂದರೆ ನೆಟೆ ರೋಗದ ಹೊಲಕ್ಕೆ ಬಿಡುವು, ದನಕ್ಕೆ ಕಣಿಕೆ. ಸುಸ್ಥಿರ ಅಭಿವೃದ್ಧಿ ಎಂದು ನಾವು ಕರೆಯುವುದು ಆ ಹಿತ್ತಲಲ್ಲಿ ನಡೆಯುತ್ತಿತ್ತು.

ಯಾದಗಿರಿಯಲ್ಲಿ ಸಂಜೆ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಬೆಂಗಳೂರು ಬಸ್ಸಿನ ಮೇಲೆ ಚೀಲ, ಸ್ಟೌ, ಪ್ಲಾಸ್ಟಿಕ್ ಕೊಡ, ಮಡಚಿದ ಹಾಸಿಗೆ ಏರುತ್ತಿದ್ದವು. ಗುಳೆ. ರಾಶಿ ಮುಗಿದ ಮೇಲೆ ಯುಗಾದಿ ತನಕ, ಕೆಲವರು ಮಳೆ ಬರುವ ತನಕ. ಕಟ್ಟಡದ ಕೆಲಸ ಜಾಸ್ತಿ. ಸ್ಕೂಲ್ ಚೀಲ ಹಾಕಿಕೊಂಡಿದ್ದ ಮಗುವೊಂದು ಅಪ್ಪನ ಕೈ ಹಿಡಿದು ನಿಂತಿತ್ತು. ನಾಲ್ಕನೇ ಕ್ಲಾಸಂತೆ. ಆ ಸ್ಕೂಲ್ ಚೀಲದಲ್ಲಿ ಬಟ್ಟೆ ತುಂಬಿದ್ದರು.

"ಇಲ್ಲೇ ಕೆಲ್ಸ ಇದ್ರ ಯಾರ್ ಹೋಗ್ತಾರ್ರಿ?" ಎಂದರು ಅಪ್ಪ. ಉದ್ಯೋಗ ಖಾತ್ರಿಯ ಕೂಲಿ ತಡವಾಗಿ ಬರುತ್ತದೆ, ಬೆಂಗಳೂರಲ್ಲಿ ವಾರಕ್ಕೊಮ್ಮೆ ಕೈಗೆ ಸಿಗುತ್ತದೆ. ಅವರ ಲೆಕ್ಕ ಸರಿಯಾಗಿತ್ತು.

ಮರುದಿನ ರಾಯಚೂರಿನ ರೈಲು. ಸೈದಾಪುರ ಸಮೀಪಿಸುತ್ತಿದ್ದಂತೆ ಎದುರಿಗಿದ್ದವರು ಕಿಟಕಿ ಎಳೆದು ಮುಚ್ಚಿದರು. ಈ ಕಡೆಗೇ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶ, ಮೂರು ಸಾವಿರಕ್ಕೂ ಹೆಚ್ಚು ಎಕರೆ. ಕೆಲಸ ಸಿಗುತ್ತದೆ ಎಂದು ಜನ ಜಮೀನು ಕೊಟ್ಟರು. ಬಂದವುಗಳಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳು ಬಹಳ. ರಾತ್ರಿ ಹೊತ್ತಿನ ಗಬ್ಬು ವಾಸನೆ, ಕೆಟ್ಟ ನೀರಿನ ಬಗ್ಗೆ ಸುತ್ತಲಿನ ಹಳ್ಳಿಗಳು ದೂರು ಕೊಡುತ್ತಲೇ ಇವೆ. ಬೇರೆ ಊರು ಬೇಡವೆಂದ ಕಾರ್ಖಾನೆಯನ್ನು ಹಿಂದುಳಿದ ಜಿಲ್ಲೆಗೆ ಹಾಕಿ ಅದನ್ನು ಸಮತೋಲನ ಎನ್ನುವುದು ಅನ್ಯಾಯ.

ಕೃಷ್ಣಾ ನದಿಯ ಸೇತುವೆ ಮೇಲೆ ಬಂದಾಗ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. 1,720 ಮೆಗಾವಾಟ್‌ನ ಈ ಸ್ಥಾವರ 1985ರಿಂದ ಇಡೀ ರಾಜ್ಯಕ್ಕೆ ಬೆಳಕು ಕೊಟ್ಟಿದೆ. ಹಾರುಬೂದಿ ಮಾತ್ರ ರಾಯಚೂರಿನ ಪಾಲು. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ ಹರಿಯುವ ಈ ಜಿಲ್ಲೆಯ ನಗರದಲ್ಲಿ 2022ರಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಐಐಟಿಯನ್ನು ರಾಯಚೂರಿಗೆ ಕೊಡಿ ಎಂದು ನಂಜುಂಡಪ್ಪ ವರದಿ ಹೇಳಿತ್ತು. ಅದು ಧಾರವಾಡಕ್ಕೆ ಹೋಯಿತು. ರಾಯಚೂರಿಗೆ 2019ರಲ್ಲಿ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿ ಸಿಕ್ಕಿತು, ಶುರುವಿನ ತರಗತಿಗಳು ಹೈದರಾಬಾದ್‌ನಲ್ಲಿ ನಡೆದವು! ಏಮ್ಸ್ ಆದರೂ ಕೊಡಿ ಎಂದು 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಇಷ್ಟು ತಾಳ್ಮೆಯ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಗೆ ದೇವದುರ್ಗ. ನಂಜುಂಡಪ್ಪ ಪಟ್ಟಿಯಲ್ಲಿ ಬೆಂಗಳೂರು ದಕ್ಷಿಣ ತಾಲ್ಲೂಕು ಎಲ್ಲಕ್ಕಿಂತ ಮೇಲಿದ್ದರೆ, ದೇವದುರ್ಗ ತಳದಲ್ಲಿತ್ತು. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಊರಿನ ಬಣ್ಣವೇ ಬದಲಾಗಿದೆ. ಭತ್ತ, ಮೆಣಸಿನಕಾಯಿ, ಹತ್ತಿ. ಕಾಲುವೆಯ ಮೇಲ್ಭಾಗದವರು ಎರಡು ಬೆಳೆ ಭತ್ತ ಹಾಕಿದರೆ ಕೊನೆಯ ಊರಿಗೆ ನೀರು ಮುಟ್ಟುವುದಿಲ್ಲ. ನೀರು ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಸಿಂಧನೂರು ಕಡೆಯ ಸವಳು ಹೊಲಗಳಿವೆ. ಕಪ್ಪು ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಹರಡಿರುತ್ತದೆ.

ಅಭಿವೃದ್ಧಿಗೆ ದುಡ್ಡು ಈಗ ಕಡಿಮೆಯೇನಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿಯ ಘೋಷಣೆಯಿದೆ. ದಾರಿಯುದ್ದಕ್ಕೂ ಹೊಸ ಶಾಲಾ ಕೋಣೆ, ಸಮುದಾಯ ಭವನ, ಸಿಸಿ ರಸ್ತೆ ಕಂಡೆ. ಕಟ್ಟಡಕ್ಕೆ ದುಡ್ಡು ಬರುತ್ತದೆ, ಅದರೊಳಗೆ ಕೂರಬೇಕಾದ ಮೇಷ್ಟ್ರು, ಡಾಕ್ಟರ ಹುದ್ದೆ ಖಾಲಿ ಇರುತ್ತದೆ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಅಸಮತೋಲನ ಅಳೆಯಲು ಹೊಸ ಸಮಿತಿ ಆಯಿತು. ಗುಳೆ ಹೋದ ಮನೆಗಳ ಬೀಗವನ್ನೂ ಇಂಥ ಸಮಿತಿಗಳು ಎಣಿಸಬೇಕು ಎಂಬುದು ನನ್ನ ಆಸೆ.

ವಾಪಸ್ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಸರ್ಕಾರಿ ನರ್ಸ್. 371(ಜೆ) ಮೀಸಲಾತಿಯಲ್ಲಿ ಕೆಲಸ ಸಿಕ್ಕಿದೆ, ಮನೆಯಿಂದಲೇ ಓಡಾಡುತ್ತಾಳೆ. ಅವಳ ಅಕ್ಕ ಅದೇ ಓದು ಓದಿ ಪುಣೆಯಲ್ಲಿದ್ದಾಳೆ. "ನಾ ಊರಾಗ ಉಳದೀನಿ ಅಂತ ಅವ್ವಗ ಭಾಳ ಸಂತೋಷ್ರಿ" ಎಂದಳು. ಇನ್ನೇನು ಬೇಕು ಎಂದು ಕೇಳಿದ್ದಕ್ಕೆ ಯೋಚನೆಯನ್ನೇ ಮಾಡಲಿಲ್ಲ. ಸ್ಕ್ಯಾನಿಂಗ್ ಮಾಡುವ ಡಾಕ್ಟರು ಬೇಕು, ರಾತ್ರಿ ಹೆರಿಗೆ ನೋವು ಬಂದರೆ ರಾಯಚೂರಿಗೆ ಕಳಿಸುವುದು ತಪ್ಪಬೇಕು, ಇವೆರಡು ಆದರೆ ಉಳಿದದ್ದು ತಾವೇ ನೋಡಿಕೊಳ್ಳುತ್ತೇವೆ ಎಂದಳು.